ಆಧಾರ್ ಕಾರ್ಡ್ ಬೀರುವಿನಲ್ಲಿಟ್ಟರೆ ಕೆಲಸದವರು ನಿಲ್ಲುತ್ತಾರೆಯೇ?

ಪ್ರಶ್ನೆ: ಕೊಡಗಿನ ಅಮ್ಮತ್ತಿ ಕಡೆ ನಮ್ಮದು 18 ಎಕರೆ ರೊಬಸ್ಟಾ ಕಾಫಿ, ಮರಗಳಿಗೆ ಕಾಳುಮೆಣಸು. ಗಂಡ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಮಾವನವರಿಗೆ ಮಂಡಿನೋವು ಜಾಸ್ತಿಯಾದ ಮೇಲೆ ತೋಟ ನಾನೇ ನೋಡಿಕೊಳ್ಳುತ್ತಿದ್ದೇನೆ. ಕೆಲಸದವರ ಲೈನ್ ಮನೆಯಲ್ಲಿ ಅಸ್ಸಾಮಿನ ಐದು ಜನ ಇದ್ದರು, ಹತ್ತಿರದ ಆದಿವಾಸಿ ಹಾಡಿಯಿಂದಲೂ ಕೆಲವರು ಬರುತ್ತಾರೆ. ಕುಯ್ಲು ಇನ್ನೂ ಅರ್ಧ ಬಾಕಿ. ಹೋದ ವಾರ ಪಕ್ಕದ ತೋಟದವರು ಕೆಜಿಗೆ ಒಂದು ರೂಪಾಯಿ ಜಾಸ್ತಿ ಕೊಡುತ್ತೇವೆಂದು ಮೂವರನ್ನು ಎಳೆದುಕೊಂಡರು. ಉಳಿದ ಗಂಡ-ಹೆಂಡತಿ, ತಾಯಿಗೆ ಹುಷಾರಿಲ್ಲ, ಊರಿಗೆ ಹೋಗಬೇಕು ಎನ್ನುತ್ತಿದ್ದಾರೆ. ಮಾವ ಅವರ ಆಧಾರ್ ಕಾರ್ಡ್ ಇಸಿದುಕೊಂಡು ಬೀರುವಿನಲ್ಲಿಟ್ಟಿದ್ದಾರೆ. ಮುಂಗಡ ತೀರುವವರೆಗೆ ಹೋಗುವಂತಿಲ್ಲ, ಕೂಲಿಯೂ ಕುಯ್ಲು ಮುಗಿದ ಮೇಲೆಯೇ ಅಂತೆ. ನಾನು ಬಾಯಿ ತೆರೆದರೆ ‘ನಿಂಗೇನು ಗೊತ್ತು, ನಲವತ್ತು ವರ್ಷ ತೋಟ ಮಾಡಿದವನು ನಾನು’ ಎನ್ನುತ್ತಾರೆ. ಆ ಹುಡುಗಿಯ ಮುಖ ನೋಡಲಾಗುತ್ತಿಲ್ಲ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಕಾರ್ಡ್ ಇವತ್ತೇ ವಾಪಸ್ ಕೊಡಿ. ಇಲ್ಲಿಯವರೆಗಿನ ಕೂಲಿ ಲೆಕ್ಕ ಹಾಕಿ ಕೈಗೆ ಕೊಡಿ. ಮಿಕ್ಕಿದ್ದೆಲ್ಲ ಆಮೇಲೆ. ಮುಂಗಡ ಕೊಟ್ಟಿದ್ದೇವೆಂದು ಒಬ್ಬರನ್ನು ಎಲ್ಲೂ ಹೋಗದಂತೆ ಕಟ್ಟಿಹಾಕುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಜೈಲು, ಮೇಲೆ ದಂಡ. ಜೀತ ಎಂದು ತೀರ್ಮಾನವಾದರೆ ಆ ಮುಂಗಡ ವಸೂಲು ಮಾಡುವ ಹಕ್ಕೂ ಇರುವುದಿಲ್ಲ. ಮಾವನವರಿಗೆ ನ್ಯಾಯ-ಅನ್ಯಾಯದ ಮಾತಿಗಿಂತ ಇದು ಬೇಗ ತಲೆಗೆ ಹೋದೀತು.

ಹಾಗೆಂದು ಅವರ ದಿಗಿಲು ಸುಳ್ಳೇನಲ್ಲ. ಗಿಡದಲ್ಲಿ ಹಣ್ಣಿರುವಾಗಲೇ ಹೂಮಳೆ ಬಿದ್ದರೆ ವಾರ-ಹತ್ತು ದಿನದಲ್ಲಿ ಹೂ ಅರಳುತ್ತದೆ. ಆಗ ಕುಯ್ಯಲು ಕೈ ಹಾಕಿದರೆ ಮುಂದಿನ ವರ್ಷದ ಫಸಲೇ ಉದುರುತ್ತದೆ. ಅಂಥ ವರ್ಷಗಳನ್ನು ಅವರು ಕಂಡವರು. ಆದರೆ ಹೋಗಬೇಕೆಂದವರು ಕಾರ್ಡ್ ಇಲ್ಲದೆಯೂ ಹೋಗುತ್ತಾರೆ. ರಾತ್ರೋರಾತ್ರಿ ಗಂಟು ಕಟ್ಟುತ್ತಾರೆ, ತಾವು ಬರುವುದಿರಲಿ, ತಮ್ಮೂರಿನ ಇನ್ನೊಬ್ಬರನ್ನೂ ನಿಮ್ಮ ಗೇಟಿನ ಹತ್ತಿರ ಸುಳಿಯಗೊಡುವುದಿಲ್ಲ. ಈಗ ದುಡ್ಡು ಕೊಟ್ಟು ‘ಅಮ್ಮನ್ನ ನೋಡ್ಕೊಂಡು ಬನ್ನಿ, ಅಲ್ಲೀತನಕ ಗುರ್ತಿನವರು ಯಾರಾದ್ರೂ ಇದ್ರೆ ಕಳಿಸಿ’ ಎಂದು ಹೇಳಿ ಕಳಿಸಿದರೆ ಬಂದರೂ ಬಂದಾರು. ಮುಂಗಡ ಒಂದಿಷ್ಟು ಮುಳುಗಬಹುದು, ಮುಳುಗಲಿ.

ಇನ್ನು ಆ ಒಂದು ರೂಪಾಯಿ. ಬರೀ ಅದಕ್ಕೇ ಹೋದರು ಎಂದರೆ ನನಗೆ ನಂಬಿಕೆಯಿಲ್ಲ. ಸಂಜೆ ತೂಕದ ಹೊತ್ತಿಗೆ ಕಣದಲ್ಲಿ ನಿಂತು ನೋಡಿ. ತಕ್ಕಡಿಯ ಮುಖ ಲೆಕ್ಕ ಬರೆಯುವ ರೈಟರ್ ಕಡೆಗಿದೆಯೋ, ಕುಯ್ದವಳ ಕಡೆಗಿದೆಯೋ? ಐವತ್ತೆರಡೂವರೆ ತೂಗಿದರೆ ಪುಸ್ತಕಕ್ಕೆ ಐವತ್ತೆರಡೂವರೆಯೇ ಹತ್ತುತ್ತದೋ, ಐವತ್ತೋ? ಚೀಲದ ತೂಕವೆಂದು ಒಂದು ಕೆಜಿ, ಎಲೆ-ಕಡ್ಡಿಯೆಂದು ಇನ್ನೊಂದು ಕೆಜಿ ಮುರಿದುಕೊಳ್ಳುತ್ತಾರೆಯೇ? ಬೆಳಗ್ಗೆಯಿಂದ ಚಗಳಿ ಇರುವೆಯ ಕೈಲಿ ಕಚ್ಚಿಸಿಕೊಂಡು ಕುಯ್ದವರಿಗೆ ಹೀಗೆ ಹೋಗುವ ಒಂದೊಂದು ಕೆಜಿಯೂ ಸಣ್ಣದಲ್ಲ. ಬಾಯಿಬಿಟ್ಟು ಹೇಳದಿದ್ದರೂ ಲೆಕ್ಕ ಇಟ್ಟಿರುತ್ತಾರೆ. ತಕ್ಕಡಿಯನ್ನು ಅವರ ಕಡೆ ತಿರುಗಿಸಿ. ಖಾಲಿ ಚೀಲವನ್ನು ಅವರೆದುರೇ ತೂಗಿ ಅಷ್ಟನ್ನೇ ಕಳೆಯಿರಿ. ಒಬ್ಬೊಬ್ಬರಿಗೂ ಒಂದು ಸಣ್ಣ ಪುಸ್ತಕ ಮಾಡಿ, ತೂಕ, ಮುಂಗಡ, ಬಾಕಿ ಬರೆದು ಅವರ ಕೈಯಲ್ಲೇ ಇಡಿ. ಬಟವಾಡೆ ಶನಿವಾರ ಸಂಜೆಯೇ ಆಗಲಿ, ಭಾನುವಾರ ಸಂತೆಗೆ ಹೋಗುವವರಿಗೆ ಸೋಮವಾರ ದುಡ್ಡು ಕೊಟ್ಟು ಏನು ಬಂತು? ನಿಮ್ಮ ಕಡೆ ಆನೆ ಕಾಟ ಹೇಳತೀರದು, ಚೆನ್ನಾಗಿ ಬೆಳಕು ಹರಿಯದೆ ಯಾರನ್ನೂ ತೋಟಕ್ಕೆ ಇಳಿಸಬೇಡಿ. ಪಕ್ಕದ ತೋಟದವರ ಜೊತೆ ದರದ ಪೈಪೋಟಿಗೂ ಇಳಿಯಬೇಡಿ, ಅದಕ್ಕೆ ಕೊನೆಯಿಲ್ಲ.

ನೀವು ಕೇಳಿಲ್ಲ, ಆದರೂ ಒಂದು ಮಾತು. ಹಾಡಿಯ ಹುಡುಗರನ್ನು ಕುಯ್ಲಿಗೆ, ಕಳೆ ಕಡಿಯುವುದಕ್ಕೆ ಮಾತ್ರ ಕರೆಯುತ್ತಿದ್ದರೆ ಅವರು ಯಾರ ತೋಟಕ್ಕಾದರೂ ಹೋಗಬಲ್ಲರು. ಇಬ್ಬರು ಮೂವರನ್ನು ಆರಿಸಿ ಕೆಲಸ ಕಲಿಸಿ. ಮಳೆ ಹಿಡಿಯುವ ಮುಂಚೆ ಮೆಣಸಿನ ಬಳ್ಳಿಗೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಸುತ್ತೀರಲ್ಲ, ಅದನ್ನು ಹುಡುಗನಿಂದಲೇ ಕಲಸಿಸಿ. ಐವತ್ತು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಇನ್ನೊಂದು ಡ್ರಮ್ಮಿನ ಐವತ್ತು ಲೀಟರಿಗೆ ಒಂದು ಕೆಜಿ ಸುಣ್ಣ. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ತಿರುಗಾಮುರುಗಾ ಮಾಡುವಂತಿಲ್ಲ. ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ ತೆಗೆದಾಗ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣ ಸಾಲದೆಂದು ಅರ್ಥ, ಹಾಗೇ ಹೊಡೆದರೆ ಎಲೆ ಸುಟ್ಟುಹೋಗುತ್ತದೆ. ಯಾಕೆ ಎಂಬುದನ್ನೂ ಹೇಳಿದರೆ ಮರುವರ್ಷ ಅವನೇ ಇನ್ನೊಬ್ಬನಿಗೆ ತೋರಿಸಿಕೊಡುತ್ತಾನೆ. ಅವನಿಗೆ ದಿನಗೂಲಿ ಜಾಸ್ತಿ ಕೊಡಿ. ಕುಯ್ಲಿಗೆ ಕೆಜಿ ಲೆಕ್ಕ ಸರಿ, ಕಸಿ, ಅಂದರೆ ಕಾಫಿ ಗಿಡದ ಬೇಡದ ರೆಕ್ಕೆ (ಕೊಂಬೆ) ಸವರುವ ಕೆಲಸವನ್ನು ಮಾತ್ರ ಗುತ್ತಿಗೆಗೆ ಬಿಡಬೇಡಿ, ಅವಸರದಲ್ಲಿ ಒಳ್ಳೆಯ ರೆಕ್ಕೆಯೂ ಹಾರಿಹೋಗುತ್ತದೆ. 18 ಎಕರೆಯಲ್ಲಿ ಎಲ್ಲರಿಗೂ ವರ್ಷಪೂರ್ತಿ ಕೆಲಸ ಇರುವುದಿಲ್ಲ. ಮೂವರಿಗಂತೂ ಇದೆ: ಕುಯ್ಲಾದ ಮೇಲೆ ಮೆಣಸು, ಸ್ಪ್ರಿಂಕ್ಲರ್, ಕಸಿ, ಮರಕಸಿ (ನೆರಳುಮರದ ಕೊಂಬೆ ಕಡಿಯುವುದು), ಗೊಬ್ಬರ, ಮಳೆಗಾಲದಲ್ಲಿ ಚಿಗುರು ತೆಗೆಯುವುದು. ಆ ಮೂವರು ನಿಂತರೆ ಕುಯ್ಲಿನ ಕಾಲಕ್ಕೆ ಉಳಿದವರನ್ನು ಅವರೇ ಕರೆತರುತ್ತಾರೆ.

ಮಾವನವರು ಕೆಲಸದವರನ್ನು ಬೈಯುತ್ತಾರೋ ಇಲ್ಲವೋ ನೀವು ಬರೆದಿಲ್ಲ. ಬೈಯುತ್ತಾರೆ ಎಂದೇ ನನ್ನ ಊಹೆ. ಮೇ ತಿಂಗಳ ಕುಂಡೆ ಹಬ್ಬದಲ್ಲಿ ಹಾಡಿಯ ಯರವರು, ಜೇನುಕುರುಬರು ವೇಷ ಹಾಕಿ ಬಂದು ದೇವರನ್ನೂ ಧಣಿಗಳನ್ನೂ ಸೇರಿಸಿ ಬಾಯಿಗೆ ಬಂದಂತೆ ಬೈಯುವಾಗ ಮಾವನವರೂ ನಕ್ಕು ಕಾಸು ಕೊಟ್ಟಿರುತ್ತಾರೆ. ಆ ಬೈಗುಳ ಎಲ್ಲಿಂದ ಬಂತೆಂದು ಯೋಚಿಸಿದ್ದಾರೋ ಇಲ್ಲವೋ.

ಈಗ ನಿಮ್ಮ ತೋಟದಲ್ಲಿ ಬೆಳಗ್ಗೆ ನೀವೊಂದು ಹೇಳುತ್ತೀರಿ, ಮಧ್ಯಾಹ್ನ ಅವರೊಂದು ಹೇಳುತ್ತಾರೆ. ಕೆಲಸದವರು ಯಾರ ಮಾತು ಕೇಳಬೇಕು? ಕೆಲಸ ಹಂಚಿಕೊಳ್ಳಿ. ಲೆಕ್ಕ, ಬಟವಾಡೆ, ಸೇರಿಸಿಕೊಳ್ಳುವುದು-ಬಿಡಿಸುವುದು ನಿಮಗೆ. ಕಸಿ ಕಲಿಸುವುದು ಮಾವನವರಿಗೆ. ಯಾವ ರೆಕ್ಕೆ ಇಡಬೇಕು, ಯಾವುದು ತೆಗೆಯಬೇಕು ಎಂಬುದರಲ್ಲಿ ಆ ನಲವತ್ತು ವರ್ಷಕ್ಕೆ ನಿಜವಾಗಿ ಬೆಲೆಯಿದೆ. ಗಿಡದ ಬುಡದಲ್ಲಿ ಕುರ್ಚಿ ಹಾಕಿಕೊಟ್ಟರೆ ಮಂಡಿನೋವಿನಲ್ಲೂ ಮಾಡಬಹುದು. ಈ ಹಂಚಿಕೆಯ ಮಾತನ್ನು ನೀವೇ ಎತ್ತಿದರೆ ಸೊಸೆ ಯಜಮಾನಿಕೆ ಕಸಿದುಕೊಂಡಳು ಎಂದೇ ಆಗುತ್ತದೆ. ನಿಮ್ಮ ಗಂಡ ಫೋನಿನಲ್ಲಿ ಹೇಳಿದರೂ ಸಾಲದು. ಈ ಶನಿವಾರ ಬಸ್ಸು ಹತ್ತಿ ಬಂದು ಅಪ್ಪನೆದುರು ಕೂತು ಹೇಳಲಿ, ಆಮೇಲೆ ಬಟವಾಡೆಯ ಹೊತ್ತಿಗೆ ನಿಮ್ಮ ಪಕ್ಕದಲ್ಲಿ ನಿಲ್ಲಲಿ.