ದಿನಕ್ಕೊಂದು ಚೌಕಟ್ಟು

ಪ್ರಶ್ನೆ: ನಾನು ಶಿರಸಿ ಸಮೀಪದ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕ. ನಮ್ಮ ಅಜ್ಜಿ ಅಡಿಕೆ ತೋಟವನ್ನು ಒಬ್ಬರೇ ನಿಂತು ಉಳಿಸಿಕೊಂಡ ಕಥೆಯನ್ನು ಚಿತ್ರಗಳ ಸಾಲಿನಲ್ಲೇ ಕಥೆ ಹೇಳುವ 140 ಪುಟಗಳ ಗ್ರಾಫಿಕ್ ಕಾದಂಬರಿಯಾಗಿಸಲು ಹೊರಟು ಒಂದೂವರೆ ವರ್ಷವಾಯಿತು. ಬೇಸಿಗೆ ರಜೆಯಲ್ಲಿ ಹಗಲಿರುಳು ಕುಳಿತು 19 ಪುಟ ಮುಗಿಸಿದೆ. ಶಾಲೆ ತೆರೆದ ಮೇಲೆ ಆದದ್ದು ನಾಲ್ಕೇ ಪುಟ, ಮಳೆಗಾಲದಲ್ಲಂತೂ ಕಾಗದವನ್ನೇ ಮುಟ್ಟಲಿಲ್ಲ. ಈಗ ತೆಗೆದು ನೋಡಿದರೆ ಮೊದಲ ಪುಟದ ಅಜ್ಜಿಗೂ ಇಪ್ಪತ್ತನೆಯ ಪುಟದ ಅಜ್ಜಿಗೂ ಅಕ್ಕತಂಗಿಯರಷ್ಟೇ ಹೋಲಿಕೆ. ಕ್ರಮ ತಪ್ಪದಂತೆ ಕೆಲಸ ಮಾಡುವುದು ಹೇಗೆ?

ಉತ್ತರ: ನೀವು ಸೋಮಾರಿಯಲ್ಲ, ಒಂದು ರಜೆಯಲ್ಲಿ 19 ಪುಟ ಬರೆದವರನ್ನು ಯಾರೂ ಹಾಗೆನ್ನಲಾರರು. ತೊಡಕಿರುವುದು ನೀವು ಕೆಲಸವನ್ನು ಅಳೆಯುವ ಮಾನದಲ್ಲಿ. ನೀವು ಪುಟಗಳನ್ನು ಎಣಿಸುತ್ತಿದ್ದೀರಿ. ಪೆನ್ಸಿಲ್ಲಿನಿಂದ ಮಸಿಯವರೆಗೆ ಒಂದು ಪುಟಕ್ಕೆ ಎಂಟು ಹತ್ತು ಗಂಟೆ ಹಿಡಿಯುವುದು ಸಾಮಾನ್ಯ. ಶಾಲೆ ಮುಗಿಸಿ ಬಂದವರಿಗೆ ಅಷ್ಟು ಹೊತ್ತು ಒಟ್ಟಿಗೆ ಸಿಗುವುದೇ ಇಲ್ಲವಾದ್ದರಿಂದ, ಇಂದು ಹೇಗೂ ಮುಗಿಯದು, ಭಾನುವಾರ ನೋಡೋಣ ಎಂದು ಮನಸ್ಸು ಮುಂದಕ್ಕೆ ತಳ್ಳುತ್ತದೆ. ಭಾನುವಾರ ಮದುವೆಯೋ ಗೃಹಪ್ರವೇಶವೋ ಬಂದಿರುತ್ತದೆ. ಆದ್ದರಿಂದ ಇನ್ನು ಮುಂದೆ ಪುಟವನ್ನು ಮರೆತು ಚೌಕಟ್ಟನ್ನು, ಅಂದರೆ ಪುಟದೊಳಗೆ ಗೆರೆ ಎಳೆದು ಬೇರ್ಪಡಿಸಿದ ಒಂದೊಂದು ಚಿತ್ರವನ್ನು, ಎಣಿಸಿ. ಪುಟಕ್ಕೆ ಸರಾಸರಿ ಐದು ಚೌಕಟ್ಟೆಂದರೂ ವಾರಕ್ಕೆ ಐದು ದಿನ, ದಿನಕ್ಕೊಂದರಂತೆ ಮುಗಿಸಿದರೆ ವಾರಕ್ಕೊಂದು ಪುಟವಾಗುತ್ತದೆ. ಉಳಿದ 117 ಪುಟಗಳಿಗೆ ಎರಡು ವರ್ಷ ಮೂರು ತಿಂಗಳು ಸಾಕು.

ಈ ಲೆಕ್ಕ ನಿಧಾನವೆನಿಸಿದರೆ ಒಂದು ಹೋಲಿಕೆ ಕೊಡುತ್ತೇನೆ. ಅಮೆರಿಕದ ಚಿತ್ರಕಾರ ಆರ್ಟ್ ಸ್ಪೀಗಲ್‌ಮನ್ ಅವರ ‘ಮೌಸ್’ ಎಂಬ ಗ್ರಾಫಿಕ್ ಕಾದಂಬರಿ 1980ರಲ್ಲಿ ಕಂತುಗಳಾಗಿ ಬರಲಾರಂಭಿಸಿ, ಅದರ ಎರಡನೆಯ ಹಾಗೂ ಕೊನೆಯ ಸಂಪುಟ ಹೊರಬಂದದ್ದು 1991ರಲ್ಲಿ. ಎರಡೂ ಸೇರಿ ಹೆಚ್ಚುಕಡಿಮೆ 300 ಪುಟ. ಭಾಗಿಸಿ ನೋಡಿದರೆ ವಾರಕ್ಕೆ ಅರ್ಧ ಪುಟಕ್ಕಿಂತ ತುಸು ಹೆಚ್ಚಷ್ಟೆ. ಅದೇ ಅವಧಿಯಲ್ಲಿ ಅವರು ಪತ್ನಿಯೊಂದಿಗೆ ಒಂದು ಚಿತ್ರಪತ್ರಿಕೆಯನ್ನೂ ಸಂಪಾದಿಸುತ್ತಿದ್ದರು. ಆ ಪುಟಗಳನ್ನು ಅವರು ಅಚ್ಚಾಗುವ ಅಳತೆಯಲ್ಲೇ, ಫೌಂಟನ್ ಪೆನ್ನಿನಿಂದ ಬರೆದರು ಎಂಬುದು ನಿಮಗೆ ಇನ್ನೂ ಹೆಚ್ಚು ಉಪಯೋಗಕ್ಕೆ ಬರುವ ಸಂಗತಿ. ದೊಡ್ಡ ಡ್ರಾಯಿಂಗ್ ಶೀಟಿಗೆ ದೊಡ್ಡ ಮೇಜು ಬೇಕು, ಹರಡಿಕೊಳ್ಳಲು ಹತ್ತು ನಿಮಿಷ ಬೇಕು, ಎತ್ತಿಡಲು ಮತ್ತೆ ಹತ್ತು ನಿಮಿಷ ಬೇಕು. ರೈಟಿಂಗ್ ಪ್ಯಾಡಿನ ಕ್ಲಿಪ್ಪಿಗೆ ಸಿಕ್ಕಿಸಿ ಶಾಲೆಯ ಚೀಲದಲ್ಲಿ ಒಯ್ಯಬಹುದಾದ ಅಳತೆಯನ್ನು ಆರಿಸಿಕೊಂಡರೆ, ಪಾಠವಿಲ್ಲದ ಒಂದು ಪಿರಿಯಡ್ಡಿನಲ್ಲೂ ಅರ್ಧ ಚೌಕಟ್ಟು ಸಾಗುತ್ತದೆ.

ಮೈಸೂರಿನಲ್ಲಿ ಹುಟ್ಟಿ ಮುಂಬಯಿಯ ದಿನಪತ್ರಿಕೆಯಲ್ಲಿ 1951ರಿಂದ ದಶಕಗಳ ಕಾಲ ಶ್ರೀಸಾಮಾನ್ಯನನ್ನು ಬರೆದ ಆರ್.ಕೆ. ಲಕ್ಷ್ಮಣ್ ಅವರ ಶಿಸ್ತನ್ನು ನಾವೆಲ್ಲ ಕೊಂಡಾಡುತ್ತೇವೆ. ಅಂಥ ಶಿಸ್ತಿಗೆ ಅಚ್ಚಿಗೆ ಹೋಗಲು ಕಾದಿರುವ ಪುಟದ ಒತ್ತಾಸೆಯೂ ಇರುತ್ತದೆ ಎಂಬುದನ್ನು ಮರೆಯಬಾರದು. ಕಾದಂಬರಿ ಬರೆಯುವವರಿಗಾಗಿ ಹಾಗೆ ಯಾರೂ ಕಾದಿರುವುದಿಲ್ಲ, ಕಾಯುವವರನ್ನು ನಾವೇ ಹುಟ್ಟಿಸಿಕೊಳ್ಳಬೇಕು. ಪ್ರತಿ ಶನಿವಾರ ಸಂಜೆ ಆ ವಾರದ ಪುಟವನ್ನು ತೋರಿಸಲು ಮನೆಯಲ್ಲೋ ಶಾಲೆಯಲ್ಲೋ ಒಬ್ಬರನ್ನು ಗೊತ್ತುಮಾಡಿಕೊಳ್ಳಿ. ಅವರು ಚಿತ್ರಕಾರರಲ್ಲದಿದ್ದರೆ ಇನ್ನೂ ಒಳ್ಳೆಯದು, ಗೆರೆಯ ಬಗ್ಗೆ ಪಾಂಡಿತ್ಯ ಮಾಡದೆ ‘ಮುಂದೇನಾಯಿತು?’ ಎಂದಷ್ಟೇ ಕೇಳುತ್ತಾರೆ.

ಚೌಕಟ್ಟಿನ ಲೆಕ್ಕ ನಡೆಯಬೇಕಾದರೆ ಇಡೀ ಪುಸ್ತಕದ ಕಿರುನಕ್ಷೆ ಮೊದಲೇ ಸಿದ್ಧವಿರಬೇಕು. ಬೆಂಕಿಪೊಟ್ಟಣದ ಗಾತ್ರದಲ್ಲಿ ಒಂದೊಂದು ಪುಟವನ್ನು ಗೀಚಿಕೊಂಡು, ಯಾವ ಚೌಕಟ್ಟಿನಲ್ಲಿ ಯಾರಿದ್ದಾರೆ, ಮಾತು ಎಲ್ಲಿ ಬರುತ್ತದೆ ಎಂಬಷ್ಟನ್ನು ಗುರುತಿಸಿಡಿ. ಇದಿಲ್ಲದೆ ಕುಳಿತರೆ ಕೈಗೆ ಮೀಸಲಾದ ಒಂದು ಗಂಟೆಯನ್ನು ಯೋಚನೆಯೇ ನುಂಗಿಹಾಕುತ್ತದೆ. ನನ್ನ ಮೊದಲ ಪುಸ್ತಕದಲ್ಲಿ ನಾನೂ ಹಾಗೆ ಎಡವಿದ್ದೇನೆ. ನಕ್ಷೆಯಿಲ್ಲದೆ ಹುಮ್ಮಸ್ಸಿನಲ್ಲಿ ತಿಂಗಳಿಗೆ ಹದಿನಾಲ್ಕು ಪುಟ ಬರೆದೆ, ಮಣಿಕಟ್ಟು ಬಾತು ಆರು ವಾರ ನಿಬ್ಬು ಹಿಡಿಯಲಾಗಲಿಲ್ಲ, ಆಮೇಲೆ ಆ ಹದಿನಾಲ್ಕರಲ್ಲಿ ಐದು ಕಥೆಗೆ ಬೇಡವೆಂದು ತಿಳಿಯಿತು.

ಮೇಜಿನಿಂದ ಏಳುವ ಮುನ್ನ ನಾಳೆಯ ಚೌಕಟ್ಟಿನ ಅಂಚನ್ನು ಸ್ಕೇಲಿನಿಂದ ಎಳೆದು, ಒಂದು ಸುಲಭದ ಗೆರೆಯನ್ನು ಬೇಕೆಂದೇ ಅರ್ಧಕ್ಕೆ ಬಿಟ್ಟಿರಿ. ಬಾವಿಯ ಹಗ್ಗವೋ ತೋಟದ ಬೇಲಿಯೋ ಅರ್ಧವಾಗಿದ್ದರೆ ಮರುದಿನ ಕೈ ತಾನೇ ಅದನ್ನು ಪೂರೈಸುತ್ತದೆ, ಬಿಳಿ ಹಾಳೆಯ ಭಯ ಅಷ್ಟಕ್ಕೇ ಕಳೆದಿರುತ್ತದೆ. ದಣಿದು ಬಂದ ದಿನಕ್ಕೆಂದು ಕಪ್ಪು ತುಂಬುವುದು, ಪೆನ್ಸಿಲ್ ಗೆರೆ ಅಳಿಸುವುದು, ಸ್ಕ್ಯಾನ್ ಮಾಡುವುದು ಮುಂತಾದ ತಲೆ ಓಡಿಸಬೇಕಿಲ್ಲದ ಕೆಲಸಗಳನ್ನು ಉಳಿಸಿಕೊಳ್ಳಿ. ಮುಖ ಬರೆಯುವುದು ಮಾತ್ರ ಬುದ್ಧಿ ಚುರುಕಾಗಿರುವ ಹೊತ್ತಿನಲ್ಲೇ ಆಗಲಿ.

ಮಳೆಗಾಲದ ಬಗ್ಗೆ ನಿಮ್ಮ ಸೀಮೆಯವರು ಕಾಗದದ ಜೊತೆ ಜಗಳವಾಡದಿರುವುದೇ ಲೇಸು. ತಂಡಿ ಹೀರಿದ ಹಾಳೆಯ ಮೇಲೆ ಮಸಿ ಹರಡುತ್ತದೆ, ಗೆರೆಯ ಅಂಚಿನಲ್ಲಿ ಎಳೆಯೆಳೆಯಾಗಿ ಒಡೆಯುತ್ತದೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿರುನಕ್ಷೆಯನ್ನೂ ಪೆನ್ಸಿಲ್ ಕೆಲಸವನ್ನೂ ಇಟ್ಟುಕೊಂಡು, ಮಸಿಯನ್ನು ದೀಪಾವಳಿಯ ಆಚೀಚೆ ಹಿಡಿಯಿರಿ. ದಿನಚರಿಯೆಂದರೆ ವರ್ಷವಿಡೀ ಒಂದೇ ಕೆಲಸವಾಗಬೇಕಿಲ್ಲ, ಕುಳಿತುಕೊಳ್ಳುವ ಹೊತ್ತು ಒಂದೇ ಆಗಿದ್ದರೆ ಸಾಕು.

ಇನ್ನು ಅಜ್ಜಿಯ ಮುಖ. ಅವರ ಮುಖವನ್ನು ಎದುರಿನಿಂದ, ಪಕ್ಕದಿಂದ, ಮುಕ್ಕಾಲು ತಿರುವಿನಿಂದ, ನಗುವಾಗ, ಗದರುವಾಗ ಹೇಗೆ ಕಾಣುತ್ತದೆಂದು ಒಂದೇ ಹಾಳೆಯಲ್ಲಿ ಬರೆದು ಮೇಜಿನ ಎದುರು ಅಂಟಿಸಿ. ಜೊತೆಗೆ ಮಸಿ ಹಾಕುವಾಗ ಪುಟಗಳ ಅನುಕ್ರಮವನ್ನು ಮುರಿಯಿರಿ. 30ನೆಯದಾದ ಮೇಲೆ 71ನೆಯದು, ಅದಾದ ಮೇಲೆ 44ನೆಯದು ಎಂಬಂತೆ ಹೋದರೆ, ಕಾಲಕ್ರಮದಲ್ಲಿ ಕೈ ಬದಲಾದರೂ ಆ ಬದಲಾವಣೆ ಪುಸ್ತಕದಲ್ಲೆಲ್ಲ ಚದುರಿಹೋಗಿ ಓದುಗರ ಕಣ್ಣಿಗೆ ಬೀಳುವುದಿಲ್ಲ. ಈಗಾಗಲೇ ಆದ 23 ಪುಟಗಳನ್ನು ಮಾತ್ರ ಪುಸ್ತಕ ಮುಗಿಯುವವರೆಗೆ ತಿದ್ದಲು ಹೋಗಬೇಡಿ, ಅವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ.

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ, ರಾತ್ರಿ ಹತ್ತರ ಮೇಲೆ ಟ್ಯಾಬ್ಲೆಟ್‌ನಲ್ಲಿ ಕಾದಂಬರಿ ಬರೆಯುತ್ತೇನೆ. ಪ್ರತಿದಿನ ತಪ್ಪದೆ ಕೂರುತ್ತೇನೆ, ಆದರೂ ತಿಂಗಳಿಗೆ ಎರಡು ಪುಟ ಆಗುವುದಿಲ್ಲ. ಈಚೆಗೆ ಹೆಬ್ಬೆರಳು ಜೋಮು ಹಿಡಿಯುತ್ತಿದೆ.

ಉತ್ತರ: ನಿಮ್ಮ ಶತ್ರು ಅಳಿಸುವ ಗುಂಡಿ. ಕಾಗದದ ಮೇಲಾದರೆ ಕಣ್ಣೊಂದು ಸೊಟ್ಟಗಾದರೂ ಮುಂದಕ್ಕೆ ಹೋಗಲೇಬೇಕು, ಪರದೆಯ ಮೇಲೆ ಅದೇ ಕಣ್ಣನ್ನು ಅಂಗೈಯಗಲ ಹಿಗ್ಗಿಸಿ ನಲವತ್ತು ಸಲ ತಿದ್ದಬಹುದು. ಅಚ್ಚಿನ ಅಳತೆಯ ಎರಡು ಪಟ್ಟಿಗಿಂತ ಹೆಚ್ಚು ಹಿಗ್ಗಿಸುವುದಿಲ್ಲವೆಂದು ಕಟ್ಟುಪಾಡು ಮಾಡಿಕೊಳ್ಳಿ. ಕಣ್ಣಿಗೆ ಚುಚ್ಚಿದ ತಪ್ಪುಗಳನ್ನು ಒಂದು ಪುಸ್ತಕದಲ್ಲಿ ಪುಟಸಂಖ್ಯೆಯ ಸಮೇತ ಬರೆದಿಟ್ಟು, ತಿಂಗಳ ಕೊನೆಯ ಭಾನುವಾರ ಮಾತ್ರ ತಿದ್ದಿ. ಆ ಹೊತ್ತಿಗೆ ಅರ್ಧದಷ್ಟು ತಪ್ಪುಗಳು ತಪ್ಪೆಂದೇ ಅನ್ನಿಸುವುದಿಲ್ಲ.

ಬೆಳಗಿನಿಂದ ಪರದೆ ನೋಡಿ ಸೋತ ಕಣ್ಣಿಗೆ ರಾತ್ರಿ ಮತ್ತೆ ಪರದೆಯನ್ನೇ ತೋರಿಸುವ ಬದಲು, ಸಾಧ್ಯವಾದರೆ ಮುಂಜಾನೆಯ ಒಂದು ಗಂಟೆಗೆ ಬದಲಾಯಿಸಿಕೊಂಡು ನೋಡಿ. ನಲವತ್ತು ನಿಮಿಷಕ್ಕೊಮ್ಮೆ ಎದ್ದು ನಡೆಯಬೇಕು, ಉದ್ದನೆಯ ಗೆರೆಗಳನ್ನು ಬೆರಳಿನಿಂದಲ್ಲ, ಮೊಣಕೈಯಿಂದಲೂ ಭುಜದಿಂದಲೂ ಎಳೆಯುವ ರೂಢಿ ಮಾಡಬೇಕು. ಜೋಮು ಬಿಡದಿದ್ದರೆ ದಿನಚರಿಯ ಮಾತು ಆಮೇಲಿರಲಿ, ಮೊದಲು ವೈದ್ಯರಿಗೆ ತೋರಿಸಿ.

ಪ್ರಶ್ನೆ: ಚಿತ್ರಗಳನ್ನೆಲ್ಲ ಮುಗಿಸಿ ಕೊನೆಗೆ ಒಮ್ಮೆಲೇ ಮಾತು ತುಂಬಿದರೆ ಸಮಯ ಉಳಿಯುವುದಿಲ್ಲವೇ?

ಉತ್ತರ: ಉಳಿಯುವುದಿಲ್ಲ, ಕನ್ನಡದಲ್ಲಂತೂ ಖಂಡಿತ ಇಲ್ಲ. ನಮ್ಮ ಅಕ್ಷರಗಳಿಗೆ ತಲೆಯ ಮೇಲೆ ಗುಣಿತ, ಕಾಲ ಕೆಳಗೆ ಒತ್ತು. ‘ರಾಷ್ಟ್ರ’ ಎಂದು ಬರೆದ ಸಾಲಿನ ಕೆಳಗೆ ‘ಕೀರ್ತಿ’ ಎಂದು ಬರೆದು ನೋಡಿ, ಸಾಲುಗಳ ನಡುವೆ ಎಷ್ಟು ಜಾಗ ಬೇಕೆಂಬುದು ತಿಳಿಯುತ್ತದೆ. ಕೊನೆಗೆಂದು ಬಿಟ್ಟರೆ ಮಾತಿನ ಗುಳ್ಳೆ ಉಬ್ಬಿ ಪಾತ್ರದ ಮುಖದ ಮೇಲೇ ಬಂದು ಕೂರುತ್ತದೆ, ಆಗ ಆ ಚೌಕಟ್ಟನ್ನು ಹೊಸದಾಗಿ ಬರೆಯಬೇಕಾಗುತ್ತದೆ. ಪೆನ್ಸಿಲ್ ಹಂತದಲ್ಲೇ ಮೊದಲು ಮಾತು, ಅದರ ಸುತ್ತ ಗುಳ್ಳೆ, ಉಳಿದ ಜಾಗದಲ್ಲಿ ಮನುಷ್ಯರು ಎಂಬ ಕ್ರಮವಿರಲಿ. ಅಕ್ಷರಕ್ಕೆ ಮಸಿ ಹಾಕುವುದನ್ನು ಮಾತ್ರ ನಾಲ್ಕಾರು ಪುಟ ಸೇರಿಸಿಕೊಂಡು ಒಂದೇ ದಿನ ಮಾಡಿ, ಕೈಗೆ ಒಂದೇ ಹದ ಸಿಕ್ಕಿ ಅಕ್ಷರದ ಗಾತ್ರ ಏರುಪೇರಾಗುವುದಿಲ್ಲ.