ರಸ್ತೆ ಕೂಡಿದಂತೆ ಕಂಡರೂ ಕ್ಯೂಜಿಐಎಸ್‌ನಲ್ಲಿ ದಾರಿ ಸಿಗದಿದ್ದರೆ
ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ರಸ್ತೆಗಳು ಕೂಡಿದ್ದರೂ, ಅತಿ ಹತ್ತಿರದ ದಾರಿ ಹುಡುಕುವ ‘ಶಾರ್ಟೆಸ್ಟ್ ಪಾತ್’ ಟೂಲ್ ದಾರಿಯೇ ಇಲ್ಲ ಅನ್ನುತ್ತಿದೆ ಎಂದಿದ್ದೀರಿ. ಬಹುತೇಕ ಇದು ವರ್ಟೆಕ್ಸ್ (ಗೆರೆಯನ್ನು ರೂಪಿಸುವ ಬಿಂದು) ತಕರಾರು. ಗೆರೆಗಳು ಒಂದನ್ನೊಂದು ದಾಟಿದರೆ ಸಾಲದು, ದಾಟುವ ಜಾಗದಲ್ಲಿ ಎರಡಕ್ಕೂ ವರ್ಟೆಕ್ಸ್ ಇರಬೇಕು. ವರ್ಟೆಕ್ಸ್ ಟೂಲ್ ಹಿಡಿದು ಒಂದು ಜಂಕ್ಷನ್ ಜೂಮ್ ಮಾಡಿ ನೋಡಿ. ಇಲ್ಲದಿದ್ದರೆ ಗೆರೆಗಳನ್ನು ದಾಟುವ ಜಾಗದಲ್ಲಿ ತುಂಡರಿಸುವ ‘ಸ್ಪ್ಲಿಟ್ ವಿತ್ ಲೈನ್ಸ್’ ಟೂಲ್‌ಗೆ ಇನ್‌ಪುಟ್, ಸ್ಪ್ಲಿಟ್ ಎರಡೂ ಕಡೆ ಅದೇ ರಸ್ತೆ ಲೇಯರ್ ಕೊಡಿ. ಮೇಲ್ಸೇತುವೆಗಳನ್ನು ಮಾತ್ರ ಮೊದಲೇ ಬೇರೆ ತೆಗೆದಿಟ್ಟು ಸ್ಪ್ಲಿಟ್ ಆದಮೇಲೆ ಮರ್ಜ್ ಮಾಡಿ (ಮತ್ತೆ ಒಂದೇ ಲೇಯರ್‌ಗೆ ಸೇರಿಸಿ), ಇಲ್ಲವಾದರೆ ಕೆಳಗಿನ ರಸ್ತೆಗೆ ಅಂಟಿಕೊಳ್ಳುತ್ತವೆ.

ವರ್ಟೆಕ್ಸ್ ಇದ್ದೂ ಸಣ್ಣ ಸಂದಿ ಉಳಿದಿದ್ದರೆ ‘ಶಾರ್ಟೆಸ್ಟ್ ಪಾತ್’ನ ಟೋಪಾಲಜಿ ಟಾಲರೆನ್ಸ್ (ಎಷ್ಟು ಸಂದಿಯಿದ್ದರೂ ಕೂಡಿದೆ ಎಂದು ಎಣಿಸಬೇಕೆಂಬ ಅಂಕಿ) 0 ಇರುವುದನ್ನು 0.5 ಮೀಟರ್ ಮಾಡಿ. ಲೇಯರ್ ಅಕ್ಷಾಂಶ-ರೇಖಾಂಶದ ಇಪಿಎಸ್‌ಜಿ 4326 ನಿರ್ದೇಶಾಂಕ ಪದ್ಧತಿಯಲ್ಲಿದ್ದರೆ ಆ ಅಂಕಿ ಡಿಗ್ರಿ ಲೆಕ್ಕ, 0.5 ಅಂದರೆ ಅಕ್ಷಾಂಶದಲ್ಲಿ ಸುಮಾರು 55 ಕಿ.ಮೀ.! ಹಾಗಾಗಿ ಮೊದಲು ಮೀಟರ್ ಲೆಕ್ಕದ ಯುಟಿಎಂ ಪದ್ಧತಿಗೆ ರೀಪ್ರೊಜೆಕ್ಟ್ ಮಾಡಿಕೊಳ್ಳಿ. ಅದಕ್ಕೂ ಬಗ್ಗದಿದ್ದರೆ ಡೈರೆಕ್ಷನ್ ಫೀಲ್ಡ್ (ರಸ್ತೆ ಯಾವ ದಿಕ್ಕಿಗೆ ಎಂದು ಹೇಳುವ ಕಾಲಂ) ಖಾಲಿ ಬಿಟ್ಟು ರನ್ ಮಾಡಿ. ಆಗ ದಾರಿ ಸಿಕ್ಕರೆ ತಪ್ಪಿರುವುದು ಒನ್‌ವೇ ಮೌಲ್ಯಗಳಲ್ಲಿ.