ಗ್ರ್ಯಾಮಿ ಇದ್ದರೂ ಸೋಲ್ ಟ್ರೇನ್ ಅವಾರ್ಡ್ಸ್ ಯಾಕೆ ಬೇಕಾಯಿತು? ಹಳೆಯ ಸಮಾರಂಭಗಳನ್ನು ಎಲ್ಲಿಂದ ನೋಡಲು ಶುರು ಮಾಡಲಿ?

ನಿಮ್ಮ ಮೊದಲ ಪ್ರಶ್ನೆಗೆ ಎರಡು ಇಸವಿಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು. ಅಮೆರಿಕದ ಕಪ್ಪು ಜನರ ಸಂಗೀತಕ್ಕೆಂದೇ ಇದ್ದ ಸೋಲ್ ಟ್ರೇನ್ ಮ್ಯೂಸಿಕ್ ಅವಾರ್ಡ್ಸ್ ಮೊದಲ ಸಲ ನಡೆದದ್ದು 1987ರ ಮಾರ್ಚ್ 23ರಂದು, ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ. ಗಾಯಕರಾದ ಡಿಯಾನ್ ವಾರ್ವಿಕ್ ಮತ್ತು ಲೂಥರ್ ವ್ಯಾಂಡ್ರಾಸ್ ನಿರೂಪಕರು. ಆ ಮೊದಲ ರಾತ್ರಿಯೇ ರ‍್ಯಾಪ್‌ಗೆ ಪ್ರತ್ಯೇಕ ಪ್ರಶಸ್ತಿ ಇತ್ತು, ಅದನ್ನು ರನ್-ಡಿಎಂಸಿ ತಂಡ ಗೆದ್ದಿತು. ಗ್ರ್ಯಾಮಿಯವರು ರ‍್ಯಾಪ್‌ಗೆ ಒಂದು ವಿಭಾಗ ಮಾಡಿದ್ದು 1989ರಲ್ಲಿ. ಅದನ್ನೂ ಟೀವಿಯಲ್ಲಿ ತೋರಿಸಲಿಲ್ಲ. ಹಾಗಾಗಿಯೇ ಆ ಪ್ರಶಸ್ತಿ ಗೆದ್ದ ಡಿಜೆ ಜಾಜಿ ಜೆಫ್ ಮತ್ತು ಫ್ರೆಶ್ ಪ್ರಿನ್ಸ್ (ಇವರೇ ಮುಂದೆ ಸಿನಿಮಾದಲ್ಲಿ ಹೆಸರು ಮಾಡಿದ ವಿಲ್ ಸ್ಮಿತ್) ಸಮಾರಂಭವನ್ನೇ ಬಹಿಷ್ಕರಿಸಿದರು. ಊರೆಲ್ಲ ಕೇಳುತ್ತಿದ್ದ ಸಂಗೀತಕ್ಕೆ ವೇದಿಕೆ ಮೇಲೆ ಎರಡು ನಿಮಿಷ ಜಾಗ ಸಿಗುತ್ತಿರಲಿಲ್ಲ.

ಆ ಜಾಗ ಮಾಡಿಕೊಟ್ಟವರು ಡಾನ್ ಕಾರ್ನೀಲಿಯಸ್. ಮೊದಲು ಶಿಕಾಗೋದಲ್ಲಿ ರೇಡಿಯೊ ಸುದ್ದಿಗಾರರಾಗಿದ್ದ ಇವರು 1970ರ ಆಗಸ್ಟ್‌ನಲ್ಲಿ ಅಲ್ಲಿನ ಒಂದು ಸ್ಥಳೀಯ ಚಾನೆಲ್‌ನಲ್ಲಿ 'ಸೋಲ್ ಟ್ರೇನ್' ಎಂಬ ಹಾಡು-ಕುಣಿತದ ಕಾರ್ಯಕ್ರಮ ಶುರು ಮಾಡಿದರು. 1971ರ ಅಕ್ಟೋಬರ್‌ನಿಂದ ಅದು ದೇಶದ ಬೇರೆ ಊರುಗಳಿಗೂ ಹೋಯಿತು, ಚಿತ್ರೀಕರಣ ಲಾಸ್ ಏಂಜಲಿಸ್‌ಗೆ ಬಂತು. ಕಪ್ಪು ಜನಾಂಗದವರ ಕೂದಲಿನ ಉತ್ಪನ್ನಗಳನ್ನು ಮಾಡುತ್ತಿದ್ದ, ಕಪ್ಪು ಜನರದೇ ಒಡೆತನದ ಜಾನ್ಸನ್ ಪ್ರಾಡಕ್ಟ್ಸ್ ಕಂಪನಿ ಪ್ರಾಯೋಜಕರಾಗಿ ನಿಂತಿತು. ಕಾರ್ಯಕ್ರಮ ನಡೆಸುವವರು, ಕುಣಿಯುವವರು, ಜಾಹೀರಾತು ಕೊಡುವವರು, ಎಲ್ಲರೂ ಒಂದೇ ಸಮುದಾಯದವರು. ಅವಾರ್ಡ್ಸ್ ಹುಟ್ಟಿದ್ದು ಈ ಅಂಗಳದಲ್ಲಿ. ಮತ ಹಾಕುತ್ತಿದ್ದವರಲ್ಲೂ ರೇಡಿಯೊದಲ್ಲಿ ಹಾಡು ಆರಿಸುವವರು, ಕ್ಯಾಸೆಟ್-ರೆಕಾರ್ಡ್ ಮಾರುವವರು ಇದ್ದರು. ಯಾವ ಹಾಡು ನಿಜಕ್ಕೂ ಓಡುತ್ತಿದೆ ಎಂದು ದಿನಾ ಕಣ್ಣಾರೆ ಕಾಣುವ ಜನ ಅವರು.

ಈ ಸಮಾರಂಭವನ್ನು ಗ್ರ್ಯಾಮಿಯಿಂದ ಬೇರೆ ಮಾಡುವುದು ಸಭಾಂಗಣದಲ್ಲಿ ಕೂತ ಜನ. ಅದಕ್ಕೇ 1989ರ ಸಮಾರಂಭದಿಂದ ಶುರು ಮಾಡಿ ಎನ್ನುತ್ತೇನೆ. ಆ ವರ್ಷ ಮೈಕಲ್ ಜಾಕ್ಸನ್‌ಗೆ ಹೆರಿಟೇಜ್ ಪ್ರಶಸ್ತಿ ಬಂತು. ನಟಿ ಎಲಿಜಬೆತ್ ಟೇಲರ್ ವೇದಿಕೆಯಲ್ಲಿ ಜಾಕ್ಸನ್‌ರನ್ನು ಪಾಪ್, ರಾಕ್, ಸೋಲ್ ಮೂರಕ್ಕೂ ನಿಜವಾದ ರಾಜ ಎಂದು ಕರೆದರು, 'ಕಿಂಗ್ ಆಫ್ ಪಾಪ್' ಎಂಬ ಬಿರುದು ಜನರ ಬಾಯಲ್ಲಿ ನೆಲೆಯೂರಿದ್ದು ಅಲ್ಲಿಂದಾಚೆಗೆ. ಅದೇ ಸಮಾರಂಭದಲ್ಲಿ ನಾಮನಿರ್ದೇಶಿತರ ಪಟ್ಟಿ ಓದುವಾಗ ವಿಟ್ನಿ ಹ್ಯೂಸ್ಟನ್ ಹೆಸರು ಬಂತು, ಸಭಿಕರಲ್ಲಿ ಕೆಲವರು 'ಬೂ' ಎಂದು ಕೂಗಿದರು. ಆಕೆಯ ಹಾಡುಗಳು ಬಿಳಿಯ ಕೇಳುಗರಿಗಾಗಿ ನಯಗೊಳಿಸಿದಂತಿವೆ ಎಂಬುದು ಅವರ ಸಿಟ್ಟು. ಅಂಥ ಕಂಠದ ಗಾಯಕಿಗೆ ಅದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಆದರೆ ಪರಿಣಾಮ ನೋಡಿ: 1990ರ ಆಕೆಯ ಮುಂದಿನ ಆಲ್ಬಂನಲ್ಲಿ ನಿರ್ಮಾಪಕರಾದ ಎಲ್.ಎ. ರೀಡ್, ಬೇಬಿಫೇಸ್ ಮತ್ತು ಲೂಥರ್ ವ್ಯಾಂಡ್ರಾಸ್ ಕೆಲಸ ಮಾಡಿದರು, ಧಾಟಿ ಕಪ್ಪು ಜನರ ಸಂಗೀತ ಶೈಲಿಯಾದ ಆರ್ ಅಂಡ್ ಬಿ (ರಿದಂ ಅಂಡ್ ಬ್ಲೂಸ್) ಕಡೆಗೆ ತಿರುಗಿತು.

ಆಮೇಲೆ 1993. ಮೈಕಲ್ ಜಾಕ್ಸನ್ ಕಾಲು ಉಳುಕಿತ್ತು, ಊರುಗೋಲು ಹಿಡಿದು ಬಂದಿದ್ದರು. 'ರಿಮೆಂಬರ್ ದ ಟೈಮ್' ಹಾಡಿಗೆ ಕುರ್ಚಿಯಲ್ಲಿ ಕೂತೇ ಪ್ರದರ್ಶನ ಕೊಟ್ಟರು. ಸುತ್ತ ನರ್ತಕರು ಪೂರ್ತಿ ಕುಣಿಯುತ್ತಿದ್ದರೆ ಇವರು ಭುಜ, ಕತ್ತು, ಮೊಣಕೈ, ಬೆರಳುಗಳಲ್ಲೇ ಅದೇ ತಾಳ ಹಿಡಿಯುತ್ತಾರೆ. ಒಮ್ಮೆ ನರ್ತಕರನ್ನು ಬಿಟ್ಟು ಅವರ ಭುಜವನ್ನಷ್ಟೇ ನೋಡಿ, ಕಾಲಿನ ಹೆಜ್ಜೆಗಳಿಗೆ ಅಪ್ಪಣೆ ಎಲ್ಲಿಂದ ಹೋಗುತ್ತದೆ ಎಂದು ತಿಳಿಯುತ್ತದೆ.

1997ರದು ನೋಡಲು ಕಷ್ಟವಾಗುವ ಸಮಾರಂಭ. ಮಾರ್ಚ್ 7ರಂದು ನ್ಯೂಯಾರ್ಕಿನ ರ‍್ಯಾಪರ್ ನಟೋರಿಯಸ್ ಬಿ.ಐ.ಜಿ. ಪ್ರಶಸ್ತಿ ಕೊಡಲು ವೇದಿಕೆಗೆ ಬಂದಾಗ ಲಾಸ್ ಏಂಜಲಿಸ್‌ನ ಸಭಿಕರಲ್ಲಿ ಕೆಲವರು 'ಬೂ' ಎಂದು ಕೂಗಿದರು, ಆಗ ಅಮೆರಿಕದ ಪೂರ್ವ ಮತ್ತು ಪಶ್ಚಿಮ ಕರಾವಳಿಯ ರ‍್ಯಾಪರ್‌ಗಳ ನಡುವೆ ಹಗೆಯಿತ್ತು. ಮಾರ್ಚ್ 9ರ ನಸುಕಿನಲ್ಲಿ ಅದೇ ಊರಿನಲ್ಲಿ ಅವರ ಕೊಲೆಯಾಯಿತು.

ಹುಡುಕುವಾಗ ಆಗುವ ಎಡವಟ್ಟುಗಳನ್ನೂ ಹೇಳಿಬಿಡುತ್ತೇನೆ. ಬರೀ 'ಸೋಲ್ ಟ್ರೇನ್' ಎಂದು ಟೈಪ್ ಮಾಡಿದರೆ ಬರುವುದು ಹೆಚ್ಚಾಗಿ ವಾರದ ಕಾರ್ಯಕ್ರಮದ ತುಣುಕುಗಳು. ಅದರಲ್ಲಿ ಗಾಯಕರು ಬಹುಮಟ್ಟಿಗೆ ರೆಕಾರ್ಡ್‌ಗೆ ತುಟಿ ಆಡಿಸುತ್ತಿದ್ದರು. ಸ್ಟುಡಿಯೊ ನೆಲದ ಮೇಲೆ ಸುತ್ತ ಕುಣಿಯುವವರು ಕಂಡರೆ ಅದು ವಾರದ್ದು, ಸೂಟು-ಗೌನು ಹಾಕಿ ಸಾಲಾಗಿ ಕೂತವರು ಕಂಡರೆ ಅವಾರ್ಡ್ಸ್. ಕಲಾವಿದರ ಹೆಸರು, 'ಸೋಲ್ ಟ್ರೇನ್ ಅವಾರ್ಡ್ಸ್', ಇಸವಿ, ಮೂರನ್ನೂ ಇಂಗ್ಲಿಷಿನಲ್ಲಿ ಸೇರಿಸಿ ಹುಡುಕಿ. ಇಸವಿಯಲ್ಲೂ ಗೊಂದಲವಿದೆ. 2007ರವರೆಗೆ ಸಮಾರಂಭ ನಡೆಯುತ್ತಿದ್ದದ್ದು ಸಾಮಾನ್ಯವಾಗಿ ವರ್ಷದ ಮೊದಲ ತಿಂಗಳುಗಳಲ್ಲಿ, ಹಿಂದಿನ ವರ್ಷದ ಸಂಗೀತಕ್ಕೆ. ಹಾಗಾಗಿ 1988ರ ಆಲ್ಬಂ ಗೆದ್ದದ್ದು 1989ರ ಪಟ್ಟಿಯಲ್ಲಿ ಸಿಗುತ್ತದೆ. 2008ರಲ್ಲಿ ಸಮಾರಂಭವೇ ಇಲ್ಲ. 2009ರಿಂದ ಬಿಇಟಿ (ಕಪ್ಪು ಜನರಿಗಾಗಿ ಇರುವ ಅಮೆರಿಕದ ಟೀವಿ ಚಾನೆಲ್) ಬಳಗದ ಕೈಗೆ ಬಂದು ನವೆಂಬರ್‌ಗೆ ಸರಿಯಿತು, ಅದೂ ಮೊದಲೇ ಚಿತ್ರೀಕರಿಸಿ ಕೆಲವು ವಾರ ಬಿಟ್ಟು ಪ್ರಸಾರ. ಎರಡು ಕಡೆ ಎರಡು ತಾರೀಖು ಕಂಡರೆ ಎರಡೂ ಸರಿಯಿರಬಹುದು. ಇಡೀ ಸಮಾರಂಭದ ಒಳ್ಳೆಯ ಪ್ರತಿ ಸಿಗುವುದು ಅಪರೂಪ, ಒಂದೊಂದು ಹಾಡಿನ ಹಕ್ಕೂ ಒಬ್ಬೊಬ್ಬರ ಕೈಯಲ್ಲಿರುತ್ತದೆ. ಅಪ್‌ಲೋಡ್ ಆದ ವಿಡಿಯೊದಲ್ಲಿ ನಡುವೆ ದನಿ ಹೋದರೆ ನಿಮ್ಮ ಫೋನಿನ ತೊಂದರೆಯಲ್ಲ.

2023ರದೇ ಸದ್ಯಕ್ಕೆ ಕೊನೆಯ ಸಮಾರಂಭ, ನಂತರ ಬಿಇಟಿಯವರು ಅದನ್ನು ನಿಲ್ಲಿಸಿಟ್ಟಿದ್ದಾರೆ. ನೇರಪ್ರಸಾರವೇ ಬೇಕೆಂದರೆ 2001ರಲ್ಲಿ ಶುರುವಾದ ಬಿಇಟಿ ಅವಾರ್ಡ್ಸ್ ನೋಡಿ. ಸಾಮಾನ್ಯವಾಗಿ ಜೂನ್‌ನಲ್ಲಿ, ಅಮೆರಿಕದ ಪೂರ್ವ ಕರಾವಳಿಯ ರಾತ್ರಿ 8ಕ್ಕೆ ಬರುತ್ತದೆ. ನಮಗೆ ಅದು ಮರುದಿನ ಬೆಳಗಿನ 5:30, ಅಲಾರಂ ಇಡುವಾಗ ತಾರೀಖನ್ನು ಒಂದು ದಿನ ಮುಂದಕ್ಕೆ ಹಾಕಿಕೊಳ್ಳಿ.